ಕಣದಲ್ಲಿ ನಿಂತಿದ್ದ ಲಾರಿ

ಮೊನ್ನೆ ಚಿಕ್ಕಜಾಜೂರಿನಿಂದ ಹೊಳಲ್ಕೆರೆಗೆ ಬರುವ ಬಸ್ಸನ್ನು ಅರ್ಧ ದಾರಿಯಲ್ಲಿ ಕೈ ಅಡ್ಡ ಹಿಡಿದು ನಿಲ್ಲಿಸಿ ಹತ್ತಿದೆ. ಹಾಗೆ ಹತ್ತುವುದೇ ನನ್ನ ಕೆಲಸ. ನಾನು ಬಸ್ಸಿನ ಚೆಕಿಂಗ್ ಇನ್ಸ್‌ಪೆಕ್ಟರ್. ನಾನು ಮೆಟ್ಟಿಲ ಮೇಲೆ ಕಾಲಿಟ್ಟ ಕೂಡಲೇ ಕಂಡಕ್ಟರನ ಮುಖ ಬಿಗಿಯುತ್ತದೆ, ಟಿಕೆಟ್ ಇದ್ದವರೂ ಒಮ್ಮೆ ಜೇಬು ಮುಟ್ಟಿ ನೋಡಿಕೊಳ್ಳುತ್ತಾರೆ. ಅವತ್ತು ಮೂರನೇ ಸಾಲಿನಲ್ಲಿ ಕೂತಿದ್ದವನೊಬ್ಬನ ಕಾಲಬುಡದಲ್ಲಿ ಗ್ರೀಸ್ ಡಬ್ಬಿ ಇತ್ತು. ಮುಚ್ಚಳ ಸರಿಯಾಗಿ ಕೂತಿರಲಿಲ್ಲ. ಹೊರಗೆ ಜಿಟಿಜಿಟಿ ಮಳೆ, ಕಿಟಕಿಗಳೆಲ್ಲ ಮುಚ್ಚಿದ್ದವು. ಹಸಿ ಬಟ್ಟೆಯ ವಾಸನೆಯ ಜೊತೆ ಆ ಗ್ರೀಸಿನ ವಾಸನೆಯೂ ಸೇರಿ ಮೂಗಿಗೆ ಬಡಿಯಿತು ನೋಡಿ, ನಾನು ಅವನ ಟಿಕೆಟ್ ಕೇಳುವುದನ್ನೇ ಮರೆತು ಮುಂದಿನ ಸಾಲಿಗೆ ಹೋದೆ. ಕಂಡಕ್ಟರ್ ನನ್ನನ್ನು ಒಂಥರಾ ನೋಡಿದ.

ನೆನಪಿಗೆ ಬಂದದ್ದು ಮಾರಿಕಣಿವೆ ಅಣೆಕಟ್ಟು ತುಂಬಿ ಕೋಡಿ ಬಿದ್ದ ವರ್ಷ. ನಮ್ಮ ತಾತನ ಕಾಲದಲ್ಲೊಮ್ಮೆ ಬಿದ್ದಿತ್ತಂತೆ ಎಂದು ಕೇಳಿದ್ದೆವೇ ಹೊರತು ಕಣ್ಣಾರೆ ಕಂಡವರು ನಮ್ಮೂರಿನಲ್ಲಿ ಯಾರೂ ಉಳಿದಿರಲಿಲ್ಲ. ಆರಿದ್ರಾ ಮಳೆ ಬಿಡಲಿಲ್ಲ, ಪುಷ್ಯ ಬಿಡಲಿಲ್ಲ, ಮಘೆಯಂತೂ ಹೊಡೆದದ್ದೇ ಹೊಡೆದದ್ದು. ಹಿರಿಯೂರಿನ ಕಡೆ ಅಂಥ ಮಳೆ ಅಂದರೆ ಜನಕ್ಕೆ ಖುಷಿಗಿಂತ ಗಾಬರಿಯೇ ಜಾಸ್ತಿ. ಎಲ್ಲರೂ ಕೋಡಿ ನೋಡಲು ಬಸ್ಸು ಹತ್ತುವವರೇ. ನಾನಾಗ ಹಿರಿಯೂರಿನಲ್ಲಿ ಡ್ಯೂಟಿ ಮಾಡುತ್ತಿದ್ದೆ. ನೀರು ನೋಡುವ ಸಡಗರದಲ್ಲಿ ಟಿಕೆಟ್ ತಗೊಳ್ಳದವರನ್ನು ಹಿಡಿಯುವುದೇ ಆ ವರ್ಷ ನನಗೆ ಹಬ್ಬವಾಗಿತ್ತು.

ನನಗೆ ಅನುಮಾನ ಜಾಸ್ತಿ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಕೆಲಸದಿಂದ ಬಂತೋ, ಅನುಮಾನ ಇದ್ದದ್ದಕ್ಕೇ ಈ ಕೆಲಸ ಒಗ್ಗಿತೋ, ನನಗೇ ಗೊತ್ತಿಲ್ಲ. ಹಾಲಿನವನು ಅಳೆಯುವಾಗ ನಾನು ಅವನ ಕೈ ನೋಡುತ್ತೇನೆ. ಮದುವೆ ಮನೆಯಲ್ಲಿ ಊಟಕ್ಕೆ ಕೂತವರಲ್ಲಿ ಎರಡನೇ ಸಲ ಕೂತವರು ಯಾರೆಂದು ನನಗೆ ತಾನೇ ಗೊತ್ತಾಗಿಬಿಡುತ್ತದೆ. ನನ್ನ ಹೆಂಡತಿ, ನಿಮ್ಮ ಕಾಲು ಮನೆಗೆ ಬಂದ್ರೂ ಕಣ್ಣು ಡ್ಯೂಟಿ ಮೇಲೇ ಇರ್ತಾವೆ ಎಂದು ಆಡಿಕೊಳ್ಳುತ್ತಾಳೆ. ಆ ವರ್ಷದವರೆಗೂ ನಾನು ಅದನ್ನು ಹೊಗಳಿಕೆ ಎಂದೇ ತಿಳಿದಿದ್ದೆ.

ನಮ್ಮೂರು ಯಲ್ಲದಕೆರೆ. ಅಲ್ಲಿ ಅಪ್ಪ ಮತ್ತು ನನ್ನ ತಮ್ಮ ಮಲ್ಲೇಶ ಇದ್ದರು. ಮನೆಯ ಹಿಂದೆ ಕಣ. ಕಣದ ಮೂಲೆಯಲ್ಲಿ, ಹುಣಸೆಮರದ ಕೆಳಗೆ, ಅಪ್ಪನ ಲಾರಿ. ಅಪ್ಪ ಆ ಲಾರಿಯನ್ನು ತಾನೇ ಓಡಿಸಿ ನಮ್ಮಿಬ್ಬರನ್ನು ಸಾಕಿದವನು. ಹೊಸದುರ್ಗದ ತೆಂಗಿನಕಾಯಿ, ಚಿತ್ರದುರ್ಗದ ಈರುಳ್ಳಿ, ಚಿಕ್ಕಜಾಜೂರಿಗೆ ರೈಲಿನಲ್ಲಿ ಬಂದಿಳಿದ ಗೊಬ್ಬರ, ಎಲ್ಲ ಅದರ ಬೆನ್ನ ಮೇಲೆ ಓಡಾಡಿದ್ದವು. ಒಂದು ದಿನ ಕಣಕ್ಕೆ ಬಂದು ನಿಂತದ್ದು ಮತ್ತೆ ಹೊರಡಲಿಲ್ಲ. ಎಂಜಿನ್ ಕೈ ಕೊಟ್ಟಿತ್ತು, ಅಪ್ಪನ ಮಂಡಿಯೂ ಕೈ ಕೊಟ್ಟಿತ್ತು. ಇಬ್ಬರೂ ಒಟ್ಟಿಗೇ ಕೂತರು. ಹನ್ನೊಂದು ವರ್ಷದಲ್ಲಿ ಲಾರಿಯ ಹಿಂದಿನ ಹಲಗೆಗಳ ಮೇಲೆ ಅಣಬೆ ಎದ್ದಿತ್ತು, ಮುಂದಿನ ಗಾಲಿಗಳು ಕಾಣದಷ್ಟು ಎತ್ತರಕ್ಕೆ ಹುಲ್ಲು ಬೆಳೆದಿತ್ತು. ಕ್ಯಾಬಿನ್ ಒಂದು ಮಾತ್ರ ಚೊಕ್ಕಟವಾಗಿತ್ತು. ದಿನಾ ಸ್ನಾನ ಮಾಡಿ ವಿಭೂತಿ ಹಚ್ಚಿಕೊಂಡ ಮೇಲೆ ಅಪ್ಪ ಅದನ್ನು ಒರೆಸುತ್ತಿದ್ದ. ಅದರ ಬೀಗದಕೈ ಅಪ್ಪನ ಉಡಿದಾರದಲ್ಲಿ ಇರುತ್ತಿತ್ತು.

ಆ ವರ್ಷ ಮಲ್ಲೇಶ ಕಣದಲ್ಲಿ ರಾಗಿ ಕ್ಲೀನ್ ಮಾಡುವ ಮಿಷನ್ ಹಾಕುವ ಯೋಚನೆಯಲ್ಲಿದ್ದ. ಊರಿನವರು ರಾಗಿಯ ಕಲ್ಲು ಮಣ್ಣು ತೆಗೆಸಲು ಹಿರಿಯೂರಿಗೆ ಹೊತ್ತುಕೊಂಡು ಹೋಗಬೇಕಿತ್ತು. ಮಿಷನ್ನಿಗೆ ಜಾಗ ಬೇಕು ಅಂದರೆ ಲಾರಿ ಏಳಬೇಕು. ಲಾರಿಗೆ ಗಿರಾಕಿಗಳೂ ಇದ್ದರು. ಚಿತ್ರದುರ್ಗದ ಗುಜರಿಯವನೊಬ್ಬ ಬಂದು ಸುತ್ತ ತಿರುಗಿ ತಟ್ಟಿ ನೋಡಿ ಹೋಗಿದ್ದ. ಹೈವೇಯಲ್ಲಿ ಡಾಬಾ ಇಟ್ಟಿದ್ದವನೊಬ್ಬ ಇನ್ನೂ ವಿಚಿತ್ರ. ಅವನಿಗೆ ಲಾರಿಯ ಮುಖ ಬೇಕಿತ್ತು. ಬಣ್ಣ ಬಳಿದು ಡಾಬಾದ ಮುಂದೆ ನಿಲ್ಲಿಸಿ ಅದರೊಳಗೆ ಜ್ಯೂಸ್ ಅಂಗಡಿ ಮಾಡುತ್ತಾನಂತೆ, ಜನ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರಂತೆ. ಅಪ್ಪ ಇಬ್ಬರಿಗೂ ಟೀ ಕುಡಿಸಿ, ‘ನೋಡಾಣ ತಗಾ’ ಎಂದು ಕಳಿಸಿದ್ದ. ನಾನು ಕೇಳಿದರೂ ನೋಡಾಣ, ಮಲ್ಲೇಶ ಕೇಳಿದರೂ ನೋಡಾಣ. ಕಬ್ಬಿಣದ ರಾಶಿಯೊಂದನ್ನು ಇಷ್ಟು ಕಾಯುವುದು ಯಾಕೆ ಎಂದು ನನಗೆ ಆಗಲೇ ತಲೆಯಲ್ಲಿ ಹುಳ ಹೊಕ್ಕಿತು.

ವಾರದ ರಜೆಗೆ ಊರಿಗೆ ಹೋದಾಗ ಒಂದು ನೋಟ ಕಂಡೆ. ನಡುವಯಸ್ಸಿನ ಇಬ್ಬರು ಗಂಡಸರು, ನಮ್ಮೂರಿನವರಲ್ಲ, ಕಣದಲ್ಲಿ ನಿಂತಿದ್ದರು. ಅಪ್ಪ ಬೀಗ ತೆಗೆದು ಅವರನ್ನು ಕ್ಯಾಬಿನ್ನಿಗೆ ಹತ್ತಿಸಿ ತಾನೂ ಹತ್ತಿ ಬಾಗಿಲು ಹಾಕಿಕೊಂಡ. ಗಾಜು ಏರಿಸಿದರು. ಹತ್ತು ನಿಮಿಷ ಒಳಗೇನು ನಡೆಯಿತೋ ಕಾಣೆ. ಇಳಿದು ಬಂದಾಗ ಒಬ್ಬ ಕಣ್ಣು ಒರೆಸಿಕೊಳ್ಳುತ್ತಿದ್ದ, ಇನ್ನೊಬ್ಬ ಅವನ ಹೆಗಲ ಮೇಲೆ ಕೈ ಹಾಕಿದ್ದ. ನನ್ನ ಕಡೆ ತಿರುಗಿಯೂ ನೋಡದೆ ಒಂದೇ ಬೈಕಿನಲ್ಲಿ ಹೊರಟುಹೋದರು. ಯಾರವರು ಎಂದೆ. ಗುರುತಿನೋರು ಎಂದ ಅಪ್ಪ. ನನ್ನ ಅನುಭವದಲ್ಲಿ ಇಂಥ ಉತ್ತರ ಕೊಡುವವರ ಹತ್ತಿರ ಟಿಕೆಟ್ ಇರುವುದಿಲ್ಲ.

ಮಲ್ಲೇಶನ ಹೆಂಡತಿ ಸರೋಜ ನನಗೆ ವಿಷಯ ಬಿಡಿಸಿ ಹೇಳಿದಳು. ಲಾರಿ ಡ್ರೈವರುಗಳಲ್ಲಿ ಸ್ಟೇರಿಂಗ್ ಮುಟ್ಟಿ ಆಣೆ ಮಾಡುವುದು ಹಳೆಯ ಪದ್ಧತಿ. ಅನ್ನ ಕೊಡುವ ಸ್ಟೇರಿಂಗ್ ಹಿಡಿದು ಯಾರೂ ಸುಳ್ಳು ಹೇಳುವುದಿಲ್ಲ ಎಂದು. ಅಪ್ಪ ಲಾರಿ ಓಡಿಸುತ್ತಿದ್ದಾಗಲೂ ಲೋಡಿನಲ್ಲಿ ಚೀಲ ಕಡಿಮೆ ಬಂದರೆ ಹಮಾಲರನ್ನು ಬೈಯುತ್ತಿರಲಿಲ್ಲ, ಸ್ಟೇರಿಂಗ್ ಮುಟ್ಟಿಸುತ್ತಿದ್ದ. ಲಾರಿ ನಿಂತ ಮೇಲೆ ಅದು ಊರವರಿಗೂ ಹಬ್ಬಿದ್ದು ಮಾತ್ರ ಊರು ಬಿಟ್ಟ ನನಗೆ ಗೊತ್ತಿರಲಿಲ್ಲ. ಅಷ್ಟು ವರ್ಷ ಓಡಿದರೂ ಒಂದು ಜೀವಕ್ಕೂ ತಾಗದ ಲಾರಿ ಎಂದು ಜನಕ್ಕೆ ಅದರ ಮೇಲೆ ಒಂದು ಭಕ್ತಿ. ಕದ್ದಿಲ್ಲ, ಅಂದಿಲ್ಲ, ಮಾಡಿಲ್ಲ ಎಂದು ಹೇಳಬೇಕಾದವರು ಸ್ಟೇರಿಂಗ್ ಹಿಡಿದು ಮಾತು ಹೇಳಿ ಒಂದು ಸುತ್ತು ತಿರುಗಿಸಬೇಕು. ಸುಳ್ಳಾದರೆ ಅದು ತಿರುಗುವುದಿಲ್ಲ. ತಿರುಗಿದರೆ ಜಗಳ ಅಲ್ಲಿಗೇ ಮುಗಿಯಿತು, ಆಮೇಲೆ ಯಾರೂ ಆ ಮಾತು ಎತ್ತುವಂತಿಲ್ಲ. ನಮ್ಮ ಪಕ್ಕದ ಮನೆ ಗಂಗಮ್ಮನ ಮೇಲೆ ಅವಳ ಓರಗಿತ್ತಿಯೇ ಮೂಗುಬಟ್ಟಿನ ಕಳ್ಳತನ ಹೊರಿಸಿದ್ದಳಂತೆ. ಒಂದೇ ಅಂಗಳದಲ್ಲಿ ಎರಡು ವರ್ಷ ಮಾತಿಲ್ಲ ಕತೆಯಿಲ್ಲ. ಗಂಗಮ್ಮ ಬಂದು ಸ್ಟೇರಿಂಗ್ ತಿರುಗಿಸಿದ ಮೇಲೆ ಈಗ ಒಬ್ಬರ ಮನೆ ಸಾರು ಇನ್ನೊಬ್ಬರ ಮನೆಗೆ ಹೋಗುತ್ತದೆ.

ನಾನು ನಕ್ಕೆ. ನಕ್ಕಮೇಲೆ ಸುಮ್ಮನಿರಬೇಕಿತ್ತು. ‘ಇಲ್ಲೀತನಕ ಎಷ್ಟು ಜನಕ್ಕೆ ತಿರುಗಿಲ್ಲ?’ ಎಂದು ಕೇಳಿದೆ. ಸರೋಜ ಯೋಚನೆ ಮಾಡಿ, ನಾನು ನೋಡಿದಂಗೆ ಎಲ್ಲರಿಗೂ ತಿರುಗೈತೆ ಭಾವ ಎಂದಳು. ಅಲ್ಲಿಗೆ ನನ್ನ ಕಿವಿ ನೆಟ್ಟಗಾಯಿತು. ಒಂದು ಬಸ್ಸಿನಲ್ಲಿ ಎಲ್ಲರ ಹತ್ತಿರವೂ ಟಿಕೆಟ್ ಇದ್ದರೆ ಸಾಮಾನ್ಯ ಜನ ಸಂತೋಷಪಡುತ್ತಾರೆ. ನನಗೆ ಕಂಡಕ್ಟರನ ಮೇಲೆ ಅನುಮಾನ ಬರುತ್ತದೆ.

ಮುಂದಿನ ವಾರ ಹೊಸದುರ್ಗದ ಕಡೆಯ ಬಸ್ಸೊಂದನ್ನು ಚೆಕ್ ಮಾಡುವಾಗ ರಹಮತ್ ಸಾಬ್ರು ಸಿಕ್ಕರು. ಹೊಸದುರ್ಗದವರು, ಅಪ್ಪನ ಲಾರಿಯ ಮೆಕ್ಯಾನಿಕ್. ಲಾರಿ ಓಡುತ್ತಿದ್ದಷ್ಟು ದಿನವೂ ಅದರ ಹೊಟ್ಟೆಯೊಳಗೆ ಕೈ ಹಾಕಿದವರು ಅವರೊಬ್ಬರೇ. ಟಿಕೆಟ್ ಇತ್ತು, ಯಲ್ಲದಕೆರೆಗೆ. ನಿಂತ ಲಾರಿಗೆ ಮೆಕ್ಯಾನಿಕ್ ಯಾಕೆ ಎಂದುಕೊಂಡು, ಲಗೇಜು ನೋಡುವ ನೆಪದಲ್ಲಿ ಅವರ ಕೈಚೀಲ ಬಿಡಿಸಿದೆ. ಒಳಗೆ ಗ್ರೀಸ್ ಡಬ್ಬಿ, ಒಂದು ಸಣ್ಣ ಆಯಿಲ್ ಬಾಟಲಿ, ಹಳೇ ಬಟ್ಟೆ. ಸಾಬ್ರು ನನ್ನ ಮುಖ ನೋಡಿ, ‘ಏನ್ ತಿಪ್ಪೇಸ್ವಾಮಿ, ಆರಾಮಿದ್ದೀಯೇನಪ್ಪ?’ ಎಂದಷ್ಟೇ ಕೇಳಿದರು. ಚಿಕ್ಕವನಿದ್ದಾಗ ಅವರ ತೊಡೆಯ ಮೇಲೆ ಕೂತು ಹಾರನ್ ಒತ್ತಿದವನು ನಾನು. ಆದರೂ ಆ ಹೊತ್ತಿನಲ್ಲಿ ನನ್ನ ತಲೆಯಲ್ಲಿ ಓಡುತ್ತಿದ್ದದ್ದು, ಮರಳಿ ಹೋಗುವಾಗ ಈ ಚೀಲದಲ್ಲಿ ಲಾರಿಯ ಏನೇನು ಹೋಗುತ್ತದೆ ಎಂಬುದು.

ರಜೆಯ ದಿನ ಕಣಕ್ಕೆ ಹೋಗಿ, ಯಾರೂ ನೋಡದಾಗ ಬಾನೆಟ್ಟಿನ ಸಂದಿಗೆ ಒಂದು ಎಳೆ ಕಪ್ಪು ದಾರ ಕಟ್ಟಿ ಬಂದೆ. ಈಗ ಬರೆಯುವಾಗ ನಾಚಿಕೆಯಾಗುತ್ತದೆ. ಆಗ ಆಗಲಿಲ್ಲ. ಅಷ್ಟರಲ್ಲಿ ಸಾಬ್ರು ಮತ್ತೊಮ್ಮೆ ಬಂದುಹೋಗಿದ್ದರೂ ಮುಂದಿನ ಸಲ ನೋಡಿದಾಗ ದಾರ ಹಾಗೇ ಇತ್ತು. ಅಂದರೆ ಎಂಜಿನ್ನಿಗೆ ಯಾರೂ ಕೈ ಹಾಕಿಲ್ಲ. ಹಾಗಾದರೆ ಗ್ರೀಸ್ ಎಲ್ಲಿಗೆ ಹೋಯಿತು? ಮಂಡಿಯೂರಿ ಹುಲ್ಲು ಸರಿಸಿದೆ. ಸ್ಟೇರಿಂಗಿನ ಕೆಳಗಿನ ಸರಳುಗಳು ಹೊಸ ಗ್ರೀಸಿನಿಂದ ಮಿರಿಮಿರಿ ಅನ್ನುತ್ತಿದ್ದವು. ಮುಂದಿನ ಆಕ್ಸಲ್ಲಿನ ಕೆಳಗೆ ಎರಡು ಮರದ ದಿಮ್ಮಿಗಳು. ಜೇಬಿನಲ್ಲಿದ್ದ ಹಾಳೆಯೊಂದನ್ನು ತೆಗೆದು ಟೈರಿನ ಅಡಿಗೆ ತಳ್ಳಿದೆ. ಹಾಳೆ ಸಲೀಸಾಗಿ ಆ ಕಡೆಗೆ ಹೋಯಿತು. ಮುಂದಿನ ಎರಡು ಗಾಲಿಗಳೂ ನೆಲ ಮುಟ್ಟಿರಲೇ ಇಲ್ಲ.

ಗಾಲಿ ನೆಲದ ಮೇಲಿದ್ದರೆ ನಿಂತ ಲಾರಿಯ ಸ್ಟೇರಿಂಗ್ ತಿರುಗಿಸಲು ಪೈಲ್ವಾನನೇ ಬೇಕು. ಗಾಲಿ ಎತ್ತಿಟ್ಟು ಗ್ರೀಸ್ ಹಾಕಿದರೆ ಗಂಗಮ್ಮನೂ ಎರಡು ಬೆರಳಲ್ಲಿ ತಿರುಗಿಸುತ್ತಾಳೆ. ಕಳ್ಳನೂ ತಿರುಗಿಸುತ್ತಾನೆ. ನಮ್ಮಪ್ಪ, ಹಣೆ ತುಂಬ ವಿಭೂತಿ ಹಚ್ಚುವ ನಮ್ಮಪ್ಪ, ಈ ಸಾಬ್ರನ್ನು ಕಟ್ಟಿಕೊಂಡು ಊರಿಗೆಲ್ಲ ಮಂಕುಬೂದಿ ಎರಚುತ್ತಿದ್ದಾನೆ! ನನಗೆ ಬೇಜಾರಾಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಖುಷಿಯಾಯಿತು. ಹಿಡಿದೆ ಎಂಬ ಖುಷಿ. ಯಾಕೆ ಹೀಗೆ ಮಾಡಿದ್ದಾರೆ ಎಂದು ಕೇಳಬೇಕೆಂದು ಅನಿಸಲೇ ಇಲ್ಲ. ಹಾಳೆಯನ್ನು ಮಡಿಚಿ ಜೇಬಿಗೆ ಇಟ್ಟುಕೊಂಡೆ.

ಇದಾದ ಒಂದೆರಡು ವಾರಕ್ಕೇ ಡಾಬಾದವನು ಹಿರಿಯೂರು ಬಸ್ ಸ್ಟ್ಯಾಂಡಿನಲ್ಲಿ ಎದುರಾದ. ತಾನಾಗಿಯೇ ಹತ್ತಿರ ಬಂದು, ಲಾರಿ ಮಾತು ಮುಗಿದಂಗಾಯ್ತಲ್ಲ ಸಾರ್ ಎಂದ. ಯಾರ ಜೊತೆ ಮುಗಿಯಿತು ಎಂದೆ. ನಿಮ್ಮ ತಮ್ಮನೋರು ಆಗ್ಲೇ ಮಾತು ಕೊಟ್ಟಾರೆ, ನೀವೊಬ್ರು ಹೂಂ ಅಂದ್ರೆ ಸಾಕು ಎಂದ. ನನಗೆ ಮೈಯೆಲ್ಲ ಉರಿದುಹೋಯಿತು. ಎಲ್ಲ ಸರಿಯಾಗಿ ಕೂಡಿಬಂತು ಎನಿಸಿತು. ಅಪ್ಪನ ನೋಡಾಣ, ಸಾಬ್ರ ಚೀಲ, ಕಣ ಖಾಲಿಯಾಗಲಿ ಎಂಬ ಮಲ್ಲೇಶನ ಅವಸರ. ನನ್ನನ್ನು ಹೊರಗಿಟ್ಟು ಮನೆಯವರೆಲ್ಲ ಒಂದಾಗಿದ್ದಾರೆ ಎಂದುಕೊಂಡೆ.

ಭಾನುವಾರ ಊರಿಗೆ ಹೋದೆ. ಕಣದಲ್ಲಿ ಶೇಂಗಾ ಬಿಡಿಸುತ್ತಿದ್ದರು. ಎರಡು ದಿನ ಮಳೆ ಬಿಡುವು ಕೊಟ್ಟಿತ್ತು, ಕಿತ್ತ ಶೇಂಗಾ ಗಿಡ ಕೊಳೆಯುವ ಮೊದಲು ಕಾಯಿ ಬಿಡಿಸಬೇಕೆಂದು ಅಕ್ಕಪಕ್ಕದವರೆಲ್ಲ ಕೈ ಹಾಕಿದ್ದರು. ಗಂಗಮ್ಮ ಮತ್ತವಳ ಓರಗಿತ್ತಿ ಒಂದೇ ರಾಶಿಗೆ ಎದುರುಬದುರು ಕೂತಿದ್ದರು. ಅಪ್ಪ ಮಂಚದ ಮೇಲೆ. ಮಲ್ಲೇಶ ನನ್ನನ್ನು ನೋಡಿ, ‘ಬಾರಣ್ಣ, ಕುಂತ್ಕ’ ಎಂದು ಗೋಣಿಚೀಲ ಸರಿಸಿದ. ನಾನು ಕೂರಲಿಲ್ಲ.

‘ಲಾರಿ ಕೊಡ್ತೀನಿ ಅಂತ ಡಾಬಾದೋನಿಗೆ ಮಾತು ಕೊಟ್ಟಿದೀಯಂತೆ?’ ಎಂದೆ.

‘ಯಾರಣ್ಣ ಹೇಳಿದ್ದು?’

‘ಕೊಟ್ಟಿದೀಯೋ ಇಲ್ವೋ, ಅಷ್ಟು ಹೇಳು.’

‘ಇಲ್ಲ.’

‘ಇಲ್ಲ ಅನ್ನೋರನ್ನ ನಾನು ದಿನಾ ನೋಡ್ತೀನಿ ಕಣಲೇ.’

ಮಲ್ಲೇಶನಿಗೆ ಆಗ ನಲವತ್ತು ದಾಟಿತ್ತು. ಹೆಂಡತಿ, ನೆರೆಹೊರೆಯವರ ಮುಂದೆ ಆ ಮಾತು ಕೇಳಿ ಅವನ ಮುಖ ಕಪ್ಪಿಟ್ಟಿತು. ಎದ್ದು, ಕೈಗೆ ಹತ್ತಿದ್ದ ಮಣ್ಣು ಒರೆಸಿಕೊಂಡು, ಅಪ್ಪನ ಮುಂದೆ ಕೈ ಚಾಚಿದ. ಅಪ್ಪ ಉಡಿದಾರದಿಂದ ಬೀಗದಕೈ ಬಿಚ್ಚಿ ಕೊಟ್ಟ. ಮಲ್ಲೇಶ ಕ್ಯಾಬಿನ್ ಹತ್ತಿ ಡ್ರೈವರ್ ಸೀಟಿನಲ್ಲಿ ಕೂತ. ಬಾಗಿಲು ಹಾಕಲಿಲ್ಲ. ಎಲ್ಲರಿಗೂ ಕೇಳಲಿ ಎಂದೇ ಇರಬೇಕು. ಶೇಂಗಾ ಬಿಡಿಸುವ ಕೈಗಳು ನಿಂತವು.

‘ಈ ಲಾರೀನ ನಾನು ಯಾರಿಗೂ ಕೊಡ್ತೀನಿ ಅಂದಿಲ್ಲ. ಅಪ್ಪ ಹೇಳದೆ ಅನ್ನೋದೂ ಇಲ್ಲ’ ಎಂದು ಸ್ಟೇರಿಂಗನ್ನು ಪೂರಾ ಒಂದು ಸುತ್ತು ತಿರುಗಿಸಿದ.

ಅವನು ನಿಜ ಹೇಳುತ್ತಿದ್ದಾನೆ ಎಂದು ಆ ಕ್ಷಣವೇ ನನಗೆ ಗೊತ್ತಾಯಿತು. ಇದನ್ನು ಎಲ್ಲಿಯೂ ಮುಚ್ಚಿಡದೆ ಹೇಳಬೇಕು. ಸಾವಿರಾರು ಸುಳ್ಳುಮುಖ ಕಂಡವನು ನಾನು, ನಿಜದ ಮುಖ ಎದುರಿಗೆ ಬಂದರೆ ಗುರುತು ಸಿಗದೇ ಇರುತ್ತದೆಯೇ? ಅಲ್ಲಿಗೆ ಮುಗಿಸಬಹುದಿತ್ತು. ಸರಿ ಬಿಡಪ್ಪ ಎಂದು ಗೋಣಿಚೀಲದ ಮೇಲೆ ಕೂತು ನಾಲ್ಕು ಕಾಯಿ ಬಿಡಿಸಬಹುದಿತ್ತು. ಆದರೆ ಜೇಬಿನಲ್ಲಿ ಆ ಹಾಳೆ ಇತ್ತು. ನಾನು ಹಿಡಿದದ್ದು ಒಂದಿತ್ತು, ಅದನ್ನು ತೋರಿಸದೆ ಇರಲು ನನ್ನಿಂದ ಆಗಲಿಲ್ಲ.

‘ಅದು ಯಾರಿಗಾದ್ರೂ ತಿರುಗ್ತೈತೆ’ ಎಂದೆ. ‘ಮುಂದಿನ ಗಾಲಿ ನೆಲ ಮುಟ್ಟಿಲ್ಲ. ದಿಮ್ಮಿ ಕೊಟ್ಟು ಎತ್ತಿಟ್ಟು ಗ್ರೀಸ್ ಹಾಕ್ಯಾರೆ. ಬಂದು ನೋಡ್ರಿ.’

ಬಗ್ಗಿ ಹುಲ್ಲು ಸರಿಸಿ, ಹಾಳೆಯನ್ನು ಟೈರಿನ ಅಡಿಯಿಂದ ಈ ಕಡೆ ಹಾಕಿ ಆ ಕಡೆ ತೆಗೆದು ತೋರಿಸಿದೆ. ಎರಡು ಸಲ ತೋರಿಸಿದೆ. ಯಾರೂ ಎದ್ದು ಬರಲಿಲ್ಲ, ಕೂತಲ್ಲಿಂದಲೇ ಎಲ್ಲರಿಗೂ ಕಂಡಿತು. ಗಂಗಮ್ಮನ ಓರಗಿತ್ತಿ ಮೆಲ್ಲಗೆ, ‘ಹಂಗಾದ್ರೆ ಅವತ್ತು ಇವಳು ತಿರುಗಿಸಿದ್ದು?’ ಎಂದಳು. ಯಾರನ್ನು ಕೇಳಿದಳೋ ಗೊತ್ತಿಲ್ಲ. ಗಂಗಮ್ಮ ತಲೆ ಎತ್ತಲಿಲ್ಲ. ಮಡಿಲಲ್ಲಿದ್ದ ಶೇಂಗಾವನ್ನು ರಾಶಿಗೆ ಸುರಿದು, ಸೆರಗು ಕೊಡವಿ ಎದ್ದು ಮನೆಗೆ ಹೋದಳು.

ಅಪ್ಪ ನನ್ನನ್ನು ಬೈಯುತ್ತಾನೆ ಎಂದುಕೊಂಡೆ. ಅವನು ನನ್ನ ಕಡೆ ನೋಡಲೇ ಇಲ್ಲ. ‘ಮಲ್ಲೇಶ, ಇಳಿಯಪ್ಪ. ಮೋಡ ಆಗೈತೆ, ಶೇಂಗಾ ಒಳಗೆ ಹಾಕ್ರಿ’ ಎಂದ. ಎಲ್ಲರೂ ಚೀಲ ತುಂಬಿದರು. ನಾನೂ ಒಂದು ಚೀಲಕ್ಕೆ ಕೈ ಹಾಕಿದೆ. ಮಲ್ಲೇಶ ಆ ಚೀಲ ಬಿಟ್ಟು ಬೇರೆಯದನ್ನು ಎತ್ತಿಕೊಂಡ.

ಡಾಬಾದವನ ಸಂಗತಿ ಅವತ್ತೇ ಬಯಲಾಯಿತು. ಸರೋಜ ತಡೆಯಲಾರದೆ ಹೇಳಿದಳು. ಅವನು ನನ್ನ ಹತ್ತಿರ ಬರುವ ಮೊದಲು ಮಲ್ಲೇಶನ ಹತ್ತಿರವೂ ಬಂದಿದ್ದನಂತೆ. ನಿಮ್ಮಣ್ಣನೋರು ಮಾತು ಕೊಟ್ಟಾರೆ, ನೀವು ಹೂಂ ಅಂದ್ರೆ ಸಾಕು ಎಂದು ಇದೇ ಪಾಠ ಒಪ್ಪಿಸಿದ್ದನಂತೆ. ನಮ್ಮಣ್ಣ ಅಂಗೆಲ್ಲ ಮಾಡಲ್ಲ ಹೋಗ್ರಿ ಎಂದು ಮಲ್ಲೇಶ ಅಲ್ಲಿಂದಲೇ ಎದ್ದು ಬಂದಿದ್ದ. ಮನೆಯಲ್ಲಿ ಹೇಳುವಷ್ಟು ದೊಡ್ಡ ವಿಷಯ ಎಂದೂ ಅವನಿಗೆ ಅನಿಸಿರಲಿಲ್ಲ, ಹೆಂಡತಿಗೆ ಮಾತ್ರ ನಕ್ಕೊಂಡು ಹೇಳಿದ್ದ. ನಾನು ಇದನ್ನು ಕೇಳುತ್ತ ಅಡುಗೆಮನೆಯ ಹೊಸ್ತಿಲಲ್ಲಿ ನಿಂತಿದ್ದೆ. ನೆಲ ಬಿರಿದು ನನ್ನನ್ನು ನುಂಗಬಾರದೇ ಎನಿಸಿತು.

ಆಮೇಲೆ ಕಣಕ್ಕೆ ಯಾರೂ ಬರಲಿಲ್ಲ. ಹಳೆಯ ಜಗಳಗಳು ಒಂದೊಂದಾಗಿ ತಲೆ ಎತ್ತಿದವು. ಮೊದಲು ಗಂಗಮ್ಮನ ಮನೆಯ ಅಂಗಳದ ಮಧ್ಯೆ ಮೊಣಕಾಲೆತ್ತರದ ಗೋಡೆ ಬಂತು. ನಾನು ಕಂಡಿದ್ದ ಆ ಬೈಕಿನ ಇಬ್ಬರು ದಾಯಾದಿಗಳಂತೆ. ಬೋರ್‌ವೆಲ್ಲಿನ ವೈರು ಕತ್ತರಿಸಿದ್ದು ನಾನಲ್ಲ ಎಂದು ಅವತ್ತು ಒಬ್ಬ ಆಣೆ ಮಾಡಿ ಹೋಗಿದ್ದನಂತೆ. ಅವರೂ ಮತ್ತೆ ಬೇರೆ ಬೇರೆ ಬೈಕಿನಲ್ಲಿ ಓಡಾಡತೊಡಗಿದ್ದಾರೆ ಎಂದು ಕೇಳಿದೆ. ಕಳ್ಳನಿಗೂ ತಿರುಗುವ ಸ್ಟೇರಿಂಗ್ ಎಂದಮೇಲೆ ಅದನ್ನು ತಿರುಗಿಸಿದವರೆಲ್ಲ ಕಳ್ಳರೇ ಆದರು.

ದಸರೆ ಮುಗಿದ ಮೇಲೆ ರಹಮತ್ ಸಾಬ್ರು ಬಂದರು. ಈ ಸಲ ಕೈಚೀಲ ಇರಲಿಲ್ಲ. ನಾನು ಅಲ್ಲೇ ಇದ್ದೆ. ಯಾಕೆ ಹೀಗೆ ಮಾಡಿದಿರಿ ಎಂದು ಆಗ ಕೇಳಿದೆ, ಕೇಳಬೇಕಾದ ಕಾಲ ಮೀರಿದ ಮೇಲೆ. ಸಾಬ್ರು ಹೇಳಿದ್ದು ಇಷ್ಟು. ಲಾರಿ ನಿಂತ ಮಾರನೆಯ ವರ್ಷ ಅವರು ಕೆಲಸಕ್ಕಿದ್ದ ಗ್ಯಾರೇಜಿನ ಮಾಲೀಕ, ಸಾಮಾನು ಕದ್ದೆ ಎಂದು ಅವರ ಮೇಲೆ ಹೊರಿಸಿದ. ಸಾಬ್ರು ಮಾಲೀಕನನ್ನು ಕರೆದುಕೊಂಡು ನಮ್ಮ ಕಣಕ್ಕೆ ಬಂದು ಸ್ಟೇರಿಂಗ್ ಹಿಡಿದು, ನಾನು ತಗಂಡಿಲ್ಲ ಎಂದರು. ತಿರುಗಿಸಿದರೆ ತಿರುಗಲಿಲ್ಲ. ಒಂದು ವರ್ಷ ಬಿಸಿಲು ಮಳೆಗೆ ನಿಂತು ತುಕ್ಕು ಹಿಡಿದಿತ್ತು, ಟೈರು ಕೆಸರಲ್ಲಿ ಹೂತಿತ್ತು. ಮಾಲೀಕ ನಗಾಡಿಕೊಂಡು ಹೋದ. ಹೊಸದುರ್ಗದಲ್ಲಿ ಮೂರು ತಿಂಗಳು ಸಾಬ್ರಿಗೆ ಯಾರೂ ಕೆಲಸ ಕೊಡಲಿಲ್ಲ, ಅವರ ಮಗಳ ಮದುವೆ ಮಾತು ಮುರಿಯಿತು. ಆಮೇಲೆ ಆ ಸಾಮಾನು ಗ್ಯಾರೇಜಿನಲ್ಲೇ ಸಿಕ್ಕಿತು.

‘ನಿಮ್ಮಪ್ಪ ಅವತ್ತೇ ನನ್ನ ಕರೆಸಿದ್ರು’ ಎಂದರು ಸಾಬ್ರು. ‘ಕಬ್ಬಿಣಕ್ಕೆ ಏನ್ ಗೊತ್ತೈತೆ ಸಾಬ್ರೇ, ಇನ್ಮೇಲೆ ಇದು ಯಾರು ಹಿಡಿದ್ರೂ ತಿರುಗಬೇಕು ಅಂದ್ರು. ಹತ್ತರಾಗೆ ಒಬ್ಬ ಸುಳ್ಳ ಇರ್ತಾನೆ, ಇರ್ಲಿ. ಒಂಬತ್ತು ಜನ ನೆಟ್ಟಗೆ ಮನೀಗೆ ಹೋಗ್ಲಿ ಅಂದ್ರು. ಅದಕ್ಕೆ ನಾವಿಬ್ರೂ ದಿಮ್ಮಿ ಇಟ್ವಿ.’

ನಾನು ಬಸ್ಸು ಹತ್ತುವುದು ಆ ಹತ್ತನೆಯವನಿಗಾಗಿ. ಉಳಿದ ಒಂಬತ್ತು ಜನ ಜೇಬು ಮುಟ್ಟಿ ನೋಡಿಕೊಳ್ಳುವುದನ್ನು ನಾನು ಯಾವತ್ತೂ ಲೆಕ್ಕಕ್ಕೆ ಹಿಡಿದವನೇ ಅಲ್ಲ. ಸಾಬ್ರ ಚೀಲ ಬಿಡಿಸಿ ನೋಡಿದ್ದಕ್ಕೆ ತಪ್ಪಾಯಿತು ಎಂದೆ. ನಿನ್ನ ಡೂಟಿ ಅಲ್ವೇನಪ್ಪ ಎಂದರು. ಅವರು ಬೈದಿದ್ದರೆ ಚೆನ್ನಾಗಿತ್ತು.

ಅಪ್ಪ ಗುಜರಿಯವನಿಗೆ ಹೇಳಿ ಕಳಿಸು ಎಂದು ಮಲ್ಲೇಶನಿಗೆ ತಾನೇ ಹೇಳಿದ. ನೋಡಾಣ ಎಂಬ ಮಾತು ಅವನ ಬಾಯಿಂದ ಮತ್ತೆ ಬರಲಿಲ್ಲ. ಮಲ್ಲೇಶನಿಗೆ ಮಿಷನ್ನಿನ ಜಾಗ ಸಿಕ್ಕಿತು, ಆದರೂ ಅವನೇ ಹೆಚ್ಚು ತಡೆದ. ಇರ್ಲಿ ಬಿಡಪ್ಪ, ಮಿಷನ್ ಬೀದಿ ಕಡೆ ಹಾಕಾಣ ಎಂದ. ಅಪ್ಪ ಕೇಳಲಿಲ್ಲ. ಇನ್ನು ಅದು ಬರೀ ಲಾರಿ ಎಂದ.

ಲಾರಿ ಒಯ್ಯುವ ದಿನ ಬೆಳಿಗ್ಗೆ ಸಾಬ್ರು ಬಂದು ತಾವೇ ದಿಮ್ಮಿ ತೆಗೆದರು. ಗುಜರಿಯವನ ಟ್ರಾಕ್ಟರು ಬರಲು ಇನ್ನೂ ಹೊತ್ತಿತ್ತು. ಅಪ್ಪ ಕ್ಲೀನರ್ ಸೀಟಿನಲ್ಲಿ ಕೂತಿದ್ದ. ನನ್ನನ್ನು ಕರೆದು ಡ್ರೈವರ್ ಸೀಟು ತೋರಿಸಿದ. ನಾನು ಹತ್ತಿ ಕೂತೆ. ನಲವತ್ತು ವರ್ಷದ ಕೆಳಗೆ ಆ ಸೀಟಿನಲ್ಲಿ ಕೂತಾಗ ನನ್ನ ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ.

‘ಹಿಡಿ’ ಎಂದ ಅಪ್ಪ.

‘ಹಿಡಿದು ಏನ್ ಹೇಳ್ಲಿ?’

‘ಏನಾರ ಹೇಳು. ನಾನು ನಂಬ್ತೀನಿ.’

ಸ್ಟೇರಿಂಗ್ ಹಿಡಿದೆ. ಕೆಳಗಿನಿಂದ ಗ್ರೀಸಿನ ವಾಸನೆ ಬಂತು. ಮಲ್ಲೇಶ ಹೇಳಿದ್ದು ನಿಜ ಅಂತ ನನಗೆ ಅವತ್ತೇ ಗೊತ್ತಿತ್ತು, ಗೊತ್ತಿದ್ದೂ ಹಾಗೆ ಮಾಡಿದೆ ಎಂದೆ. ಹೇಳಿ ತಿರುಗಿಸಿದರೆ ಅದು ಕದಲಲಿಲ್ಲ. ಹುಟ್ಟಿದಾಗಿನಿಂದ ಅಷ್ಟು ನಿಜವಾದ ಮಾತನ್ನು ನಾನು ಆಡಿರಲಿಲ್ಲ, ಆದರೂ ಕದಲಲಿಲ್ಲ. ಗಾಲಿಗಳು ನೆಲದ ಮೇಲೆ ಕೂತಿದ್ದವು. ಮೈಭಾರ ಹಾಕಿ ಎಳೆದೆ. ಅಪ್ಪ ನನ್ನ ಕೈ ಮೇಲೆ ಕೈ ಇಟ್ಟು ಬಿಡಿಸಿದ.

‘ನಿಜ ಹೇಳಿದ್ರೂ ತಿರುಗಲ್ಲ ನೋಡು. ಅದಕ್ಕೇ ಕಣಪ್ಪ ಎತ್ತಿಟ್ಟಿದ್ದು’ ಎಂದ. ಆಮೇಲೆ ಮಲ್ಲೇಶನ ಕಡೆ ನೋಡಿ, ‘ಇದನ್ನ ನನಗ್ಯಾಕೆ ಹೇಳ್ತೀ, ಅವನಿಗೆ ಹೇಳು’ ಎಂದ.

ಮಲ್ಲೇಶ ಹತ್ತು ಹೆಜ್ಜೆ ದೂರದಲ್ಲಿ ಹಗ್ಗ ಸುತ್ತುತ್ತ ನಿಂತಿದ್ದ. ಇಳಿದು ಹೋಗಿ ಹೇಳಬಹುದಿತ್ತು. ಅಷ್ಟರಲ್ಲಿ ಟ್ರಾಕ್ಟರಿನ ಸದ್ದು ಕೇಳಿತು, ಆಮೇಲೆ ಹೇಳೋಣ ಎಂದುಕೊಂಡೆ. ಲಾರಿ ಹೋದಮೇಲೆ ಕಣದಲ್ಲಿ ಆ ಮೂಲೆಯ ಹುಲ್ಲು ಮಾತ್ರ ಬೆಳ್ಳಗೆ ಕಾಣುತ್ತಿತ್ತು.

ಈಗ ಅಲ್ಲಿ ರಾಗಿ ಮಿಷನ್ ಓಡುತ್ತಿದೆ. ಊರಿಗೆ ಅನುಕೂಲವಾಗಿದೆ. ಮಲ್ಲೇಶ ನನ್ನ ಜೊತೆ ಮಾತು ಬಿಟ್ಟಿಲ್ಲ, ಅಣ್ಣ ಎಂದೇ ಕರೆಯುತ್ತಾನೆ, ಹೋದರೆ ಎದ್ದು ನಿಲ್ಲುತ್ತಾನೆ. ಒಂದೇ ಒಂದು ಬದಲಾಗಿದೆ. ನಾನು ಏನೂ ಕೇಳುವ ಮೊದಲೇ ಎಲ್ಲವನ್ನೂ ತೋರಿಸುತ್ತಾನೆ. ಅಪ್ಪನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ ಎಂದವನು ಚೀಟಿ ತೆಗೆಯುತ್ತಾನೆ. ಹೊಲದ ಬದು ಹಾಕಿಸಿದೆ ಎಂದವನು ಮೊಬೈಲಿನಲ್ಲಿ ಫೋಟೋ ತೋರಿಸುತ್ತಾನೆ. ಬೇಡಪ್ಪ ಅಂದರೂ ನೋಡಣ್ಣ ಎಂದು ಕೈಗೇ ಕೊಡುತ್ತಾನೆ. ದಿನವಿಡೀ ಜನ ನನ್ನ ಮುಂದೆ ಕೈ ಚಾಚಿ ಟಿಕೆಟ್ ತೋರಿಸುವುದು ಹೀಗೆಯೇ.

ಹೋದ ತಿಂಗಳು ಊರಿಗೆ ಹೋದಾಗ ಗಟ್ಟಿ ಮನಸ್ಸು ಮಾಡಿಕೊಂಡೆ. ಮಿಷನ್ ನಿಂತಿತ್ತು, ಕಣದಲ್ಲಿ ನಾವಿಬ್ಬರೇ ಇದ್ದೆವು. ‘ಮಲ್ಲೇಶ, ಆ ಲಾರಿ ವಿಷಯ, ನಿನ್ನ ಹತ್ರ ಒಂದು ಮಾತು ಹೇಳಬೇಕಿತ್ತು’ ಎಂದೆ. ಅವನು ಕೈಯಲ್ಲಿದ್ದ ಮೊರ ಕೆಳಗಿಟ್ಟ. ‘ತಡಿಯಣ್ಣ, ಗುಜರಿಯೋನು ಕೊಟ್ಟ ಕಾಗದ ಎಲ್ಲ ಹಂಗೇ ಇಟ್ಟೀನಿ, ತೋರಿಸ್ತೀನಿ’ ಎಂದು ಒಳಗೆ ಹೋದ.